ಸೌಟಿಗೂ ಒಂದು ಜಾಗ

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಅಳತೆ ಮಾಡಿ ಎಳೆದ ನೇರ ರಸ್ತೆಗಳು, ಅವಕ್ಕೆ ಅಡ್ಡರಸ್ತೆಗಳು. ಹಳೆಯ ಹೆಂಚಿನ ಮನೆಗಳಲ್ಲಿ ಈಗ ಉಳಿದಿರುವುದು ಕೆಲವೇ. ಅಂಥದ್ದೊಂದು ಮನೆ ಎರಡು ಅಪಾರ್ಟ್‌ಮೆಂಟುಗಳ ನಡುವೆ ನಿಂತಿದೆ. ಮುಂದೆ ಹೆಂಚಿನ ಮನೆ, ನಡುವೆ ಪುಟ್ಟ ಅಂಗಳ, ಹಿಂದೆ ಆಮೇಲೆ ಕಟ್ಟಿದ ಆರ್‌ಸಿಸಿ ಅಡುಗೆಮನೆ, ಅದರ ಮೇಲೊಂದು ಹಾಲ್. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಆಸ್ಪತ್ರೆಗಳು ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿವೆ. ರಾಯಚೂರು, ಚಿತ್ರದುರ್ಗ, ಕೋಲಾರದ ಕಡೆಯಿಂದ ರೋಗಿಯ ಜೊತೆ ಬಂದು, ವಾರಗಟ್ಟಲೆ ಆಸ್ಪತ್ರೆಯ ಆವರಣದಲ್ಲೇ ದಿನ ದೂಡುವವರಿಗೆ ಮಧ್ಯಾಹ್ನದ ಅನ್ನ-ಸಾರು ಈ ಮನೆಯಿಂದ ಹೋಗುತ್ತದೆ. ಸಂಬಳಕ್ಕಿರುವವರು ಇಬ್ಬರೇ, ಒಬ್ಬರು ಅಡುಗೆ ಭಟ್ಟರು, ಇನ್ನೊಬ್ಬರು ವಾಚ್‌ಮನ್. ಮಿಕ್ಕವರೆಲ್ಲ ಬಿಡುವು ಮಾಡಿಕೊಂಡು ಬರುವ ಸ್ವಯಂಸೇವಕರು. ಸಂಸ್ಥೆಯ ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡರು.

ನಾನು ಹೋಗಿದ್ದು ಈ ಜಾಗವನ್ನು ಅವರು ಇಟ್ಟುಕೊಂಡಿರುವ ರೀತಿ ನೋಡಲು. ಕಾರ್ಖಾನೆಯಾದರೆ ಕಾಯ್ದೆ ಇದೆ, ಇನ್‌ಸ್ಪೆಕ್ಟರ್ ಬರುತ್ತಾರೆ, ಪಾಳಿಗೊಬ್ಬ ಸೂಪರ್‌ವೈಸರ್ ಇರುತ್ತಾನೆ. ಸೇವಾಸಂಸ್ಥೆಯಲ್ಲಿ ಭಾನುವಾರ ಬಂದವರು ಸೋಮವಾರ ಇರುವುದಿಲ್ಲ. ಒಬ್ಬರು ಇಟ್ಟ ಚಾಕು ಇನ್ನೊಬ್ಬರಿಗೆ ಸಿಗುವುದಿಲ್ಲ. ಗ್ಯಾಸ್ ಯಾರು ಆಫ್ ಮಾಡಿದಿರಿ ಎಂದು ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ದಿನಕ್ಕೊಂದು ಕೈ ಬದಲಾಗುವ ಕಡೆ ಮನುಷ್ಯರ ನೆನಪನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಇವತ್ತೇ ಮೊದಲ ಸಲ ಕಾಲಿಟ್ಟವರಿಗೂ ಜಾಗವೇ ತಿಳಿಸಿ ಹೇಳುವಂತಿರಬೇಕು. ಇಲ್ಲಿನವರು ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ.

ಗೇಟಿನ ಬಳಿ ಹಳದಿ ಬಣ್ಣದ ಗೆರೆಯಿದೆ, ಅದರೊಳಗೆ ಸ್ಕೂಟರ್ ನಿಲ್ಲಿಸುವಂತಿಲ್ಲ. ಅಡ್ಡರಸ್ತೆ ಕಿರಿದು. ಅಗ್ನಿಶಾಮಕದವರ ವಾಹನ ರಸ್ತೆಯ ತುದಿವರೆಗಷ್ಟೇ ಬಂದರೂ ಹೋಸ್ ಪೈಪ್ ಎಳೆದುಕೊಂಡು ಓಡಿ ಬರುವ ದಾರಿಯಾದರೂ ತೆರೆದಿರಬೇಕಲ್ಲ. ಜಗಲಿಯ ಮೇಲೆ ಒಂದು ರಿಜಿಸ್ಟರು. ಬಂದವರು ಹೆಸರು, ಫೋನ್ ನಂಬರು, ಬಂದ ಹೊತ್ತು ಬರೆಯಬೇಕು, ಹೋಗುವಾಗ ಹೋದ ಹೊತ್ತನ್ನೂ ಬರೆಯಬೇಕು. ಹೋದ ಹೊತ್ತು ಬರೆಯುವುದನ್ನು ಹೆಚ್ಚಿನವರು ಮರೆಯುತ್ತಾರೆ. ಬೆಂಕಿ ಬಿದ್ದ ದಿನ ಒಳಗೆ ಇನ್ನೂ ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆ ಕಾಲಮ್ಮಿನಲ್ಲೇ. ರಿಜಿಸ್ಟರಿನ ಮೇಲಿನ ಗೋಡೆಯಲ್ಲಿ ದೊಡ್ಡ ಅಕ್ಷರದಲ್ಲಿ ಮೂರು ನಂಬರು ಬರೆದಿದ್ದಾರೆ: ಯಾವುದೇ ತುರ್ತಿಗೆ 112, ಬೆಂಕಿಗೆ 101, ಗ್ಯಾಸ್ ಸೋರಿದರೆ 1906. ಕೆಳಗೆ ಈ ಮನೆಯ ಪೂರ್ತಿ ವಿಳಾಸವೂ ಇದೆ. ಹೊಸಬರಿಗೆ ಗಾಬರಿಯಲ್ಲಿ ಎಷ್ಟನೇ ಕ್ರಾಸ್ ಎಂದು ಹೇಳಲು ಬಾಯಿ ಬರುವುದಿಲ್ಲ.

ಅದೇ ಗೋಡೆಯ ಮೇಲೆ ಇನ್ನೊಂದು ಹಾಳೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಸದಸ್ಯರ ಹೆಸರು. ಸಂಬಳವಿಲ್ಲದೆ ದುಡಿಯುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಎಷ್ಟೋ ಸಂಸ್ಥೆಗಳವರು ತಿಳಿದುಕೊಂಡಿದ್ದಾರೆ. ಅದು ತಪ್ಪು. 2013ರ ಕಾಯ್ದೆ ‘ಉದ್ಯೋಗಿ’ ಎಂಬುದರಲ್ಲಿ ಸ್ವಯಂಪ್ರೇರಣೆಯಿಂದ ಕೆಲಸ ಮಾಡುವವರನ್ನೂ ಸೇರಿಸಿಯೇ ಹೇಳಿದೆ. ಕಾಲೇಜು ಹುಡುಗಿಯರು ಬೆಳಿಗ್ಗೆ ಆರಕ್ಕೆಲ್ಲ ಬಂದು ತರಕಾರಿ ಹೆಚ್ಚುವ ಜಾಗದಲ್ಲಿ ಈ ಹಾಳೆ ಅಗ್ನಿಶಾಮಕ ಸಿಲಿಂಡರಿನಷ್ಟೇ ಮುಖ್ಯ.

ಎಲ್ಲರೂ ಅಕ್ಕ ಎಂದು ಕರೆಯುವ ಮೇಲ್ವಿಚಾರಕಿ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಮೊದಲು ತೋರಿಸಿದ್ದು ಪಡಸಾಲೆಯ ಪಕ್ಕದ ಕೋಣೆ. ಈಗ ಅಲ್ಲಿ ಅಕ್ಕಿ, ಬೇಳೆಯ ಮೂಟೆಗಳು ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಸಾಲಾಗಿವೆ. ಗೋಡೆಗೆ ಒತ್ತಿ ಇಟ್ಟರೆ ತೇವ ಏರುತ್ತದೆ, ಹಿಂದೆ ಇಲಿ ಗೂಡು ಮಾಡುತ್ತದೆ, ಪೊರಕೆ ಆಡುವುದಿಲ್ಲ. ಆದರೆ ಈ ಕೋಣೆ ಮೊದಲು ಹೀಗಿರಲಿಲ್ಲವಂತೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾಡಿನ ಎಲ್ಲ ಕಡೆಯಿಂದ ಸಾಮಾನು ಹರಿದು ಬಂತಲ್ಲ, ಆಗ ಇವರೂ ಸಂಗ್ರಹಿಸಿದರು. ಕಳಿಸಬೇಕಾದದ್ದು ಹೋಯಿತು. ಹಳೆಯ ಬಟ್ಟೆ, ಹರಿದ ಹಾಸಿಗೆ, ತಾರೀಖು ಮುಗಿದ ಔಷಧಿ ಇಲ್ಲೇ ಉಳಿಯಿತು. ಉಳಿದದ್ದನ್ನು ನೋಡಿ ಬೀದಿಯವರು ಇನ್ನಷ್ಟು ತಂದರು. ಓಡದ ಕಂಪ್ಯೂಟರು, ಮುರಿದ ತೊಟ್ಟಿಲು, ಗತಿಸಿದ ಹಿರಿಯರ ಪುಸ್ತಕಗಳು. ಯಾರಿಗೂ ಬೇಡ ಎನ್ನಲು ಬಾಯಿ ಬರಲಿಲ್ಲ. ರಾಶಿ ಏರಿ ಏರಿ ಮೀಟರ್ ಬೋರ್ಡನ್ನು ಮುಟ್ಟಿತು.

“ಮೈನ್ ಸ್ವಿಚ್ ಎಲ್ಲಿದೆ ಅಂತ ಕೇಳಿದ್ರೆ ಬಟ್ಟೆ ಗಂಟು ಸರಿಸಿ ತೋರಿಸ್ಬೇಕಿತ್ತು,” ಎಂದರು ಅಕ್ಕ.

ಇದನ್ನು ಕೇಳುವಾಗ ನನಗೆ ಮೈ ಜುಂ ಎಂದಿತು. ಈ ಊರಿನಲ್ಲೇ 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಹೊತ್ತಿಕೊಂಡಿತು. ವಿದ್ಯುತ್ ಕೇಬಲುಗಳು ಹಾದುಹೋಗುವ ಡಕ್ಟಿನಲ್ಲಿ ಎದ್ದ ಬೆಂಕಿ ಅದು. ಹೊಗೆ ಮೇಲಿನ ಮಹಡಿಗಳಿಗೆಲ್ಲ ತುಂಬಿಕೊಂಡಿತು. ದಾರಿ ಸಿಗದೆ ಕೆಲವರು ಕಿಟಕಿಯಿಂದ ಜಿಗಿದರು. ಒಂಬತ್ತು ಮಂದಿ ಸತ್ತರು. ಅವರನ್ನು ಕಳೆದುಕೊಂಡವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ಬೆಂಕಿಯ ಎಚ್ಚರವನ್ನು ಊರಿಗೆ ಕಲಿಸಲು ಹೊರಟರು. ಬೆಂಕಿಗಿಂತ ಮೊದಲು ಉಸಿರು ಕಟ್ಟಿಸುವುದು ಹೊಗೆ. ಪಾಲಿಯೆಸ್ಟರ್ ಬಟ್ಟೆಯ ರಾಶಿ, ಫೋಮ್ ಹಾಸಿಗೆ ಹೊತ್ತಿದರೆ ಬರುವ ಕಪ್ಪು ಹೊಗೆ ಒಂದು ಪಡಸಾಲೆಯನ್ನು ತುಂಬಲು ತಡವೇ ಆಗುವುದಿಲ್ಲ. ಮೇಲೆ ಇರುವುದು ಒಣಗಿದ ಮರದ ತೊಲೆ, ಜಂತಿ.

ರಾಶಿಯನ್ನು ತೆಗೆಸಿದವರು ಇನ್ನೊಬ್ಬ ಸ್ವಯಂಸೇವಕರು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಎಲ್ಲರ ಬಾಯಲ್ಲೂ ಅವರು ‘ಫೋರ್‌ಮನ್ ಸಾರ್’. ಬಂದ ಮೊದಲ ದಿನ ಅನ್ನ ಬಡಿಸಲು ನಿಂತವರು ಎರಡನೇ ಸಲ ಬಂದಾಗ ಟ್ರಸ್ಟಿಗಳನ್ನು ಕರೆದು ಈ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರಂತೆ. ಒಂದು ಬೋರ್ಡು ಬರೆಸಿದರು, ಅದು ಈಗಲೂ ಗೇಟಿನ ಮೇಲಿದೆ: ‘ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಮಾತ್ರ. ಹಳೆ ಬಟ್ಟೆ, ಔಷಧಿ, ಎಲೆಕ್ಟ್ರಾನಿಕ್ಸ್ ದಯವಿಟ್ಟು ತರಬೇಡಿ.’ ಕೆಲವರು ಮುನಿಸಿಕೊಂಡರು. ಒಬ್ಬ ದಾನಿ ವರ್ಷಗಟ್ಟಲೆ ಈ ಕಡೆ ತಲೆ ಹಾಕಲಿಲ್ಲ. ಹಿತೈಷಿಗೆ ಬೇಡ ಎನ್ನುವುದು ಸೇವಾಸಂಸ್ಥೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಅದನ್ನು ಮಾಡದ ಕಡೆ ಎಷ್ಟು ಪೊರಕೆ ಹಿಡಿದರೂ ಉಪಯೋಗವಿಲ್ಲ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ. ನಮ್ಮ ಎಷ್ಟು ಸಂಘಸಂಸ್ಥೆಗಳ ಮೆಟ್ಟಿಲ ಕೆಳಗಿನ ಗೂಡುಗಳಲ್ಲಿ, ವಾರ್ಷಿಕೋತ್ಸವದ ಬ್ಯಾನರು, ಥರ್ಮಾಕೋಲು, ಶಾಮಿಯಾನದ ಬಟ್ಟೆ ಕೊಳೆಯುತ್ತಿಲ್ಲ ಹೇಳಿ.

ಮೀಟರ್ ಬೋರ್ಡಿನ ಮುಂದೆ ಈಗ ಮೂರಡಿ ಖಾಲಿ ನೆಲ. ನೆಲದ ಮೇಲೂ ಹಳದಿ ಚೌಕ. ಒಳಗೆ ಪ್ರತಿ ಎಂಸಿಬಿಯ ಕೆಳಗೂ ಕನ್ನಡದಲ್ಲಿ ಚೀಟಿ: ‘ಗ್ರೈಂಡರ್’, ‘ಸಂಪಿನ ಮೋಟಾರು’, ‘ಹಾಲ್ ಫ್ಯಾನ್’. ಪಕ್ಕದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಕರೆಂಟು ತಂತಿ ಬಿಟ್ಟು ಮನುಷ್ಯರ ಮೈಮೇಲಿಂದ ನೆಲಕ್ಕೆ ಹರಿಯತೊಡಗಿದರೆ ಕ್ಷಣದೊಳಗೆ ಸರಬರಾಜು ಕಡಿಯುವ ಸ್ವಿಚ್ಚು. ಒದ್ದೆ ನೆಲ, ಬರಿಗಾಲು, ಕಬ್ಬಿಣದ ಗ್ರೈಂಡರು ಮೂರೂ ಒಟ್ಟಿಗಿರುವ ಅಡುಗೆಮನೆಗೆ ಇದಿಲ್ಲದೆ ಆಗದು. ಅದರ ಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ. ತಿಂಗಳ ಮೊದಲ ಭಾನುವಾರ ಯಾರಾದರೊಬ್ಬ ಹೊಸಬರಿಂದಲೇ ಅದನ್ನು ಒತ್ತಿಸುತ್ತಾರೆ. ದೀಪಗಳೆಲ್ಲ ಆರಬೇಕು. ಎಂಸಿಬಿ ಪದೇಪದೇ ಬಿದ್ದರೆ ಎತ್ತಿ ಎತ್ತಿ ಹಾಕುವಂತಿಲ್ಲ ಎಂಬುದೂ ಚೀಟಿಯಲ್ಲಿದೆ.

ಅಂಗಳ ದಾಟಿದರೆ ಅಡುಗೆಮನೆ. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿಯೇ.

ಬಾಗಿಲಿಗೆ ಎದುರಿನ ಗೋಡೆಗೆ ಒಂದು ಹಲಗೆ ಬಡಿದಿದ್ದಾರೆ. ಬಿಳಿ ಬಣ್ಣದ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ ಸೌಟುಗಳ ಆಕಾರ. ಸಾರಿನ ಉದ್ದ ಸೌಟು, ಅನ್ನದ ಚಪ್ಪಟೆ ಸೌಟು, ಜಾಲರಿ, ಇಕ್ಕಳ, ಐದು ಚಾಕು, ಗ್ಯಾಸ್ ಲೈಟರು, ಎಲ್ಲದರ ಅಂಚನ್ನೂ ಗೆರೆ ಎಳೆದು ಒಳಗೆ ಬಣ್ಣ ತುಂಬಿದ್ದಾರೆ. ಪ್ರತಿಯೊಂದರ ಮೇಲೂ ಒಂದು ಮೊಳೆ. ಕಾರ್ಖಾನೆಗಳಲ್ಲಿ ಸ್ಪ್ಯಾನರು, ಸುತ್ತಿಗೆಗಳನ್ನು ಹೀಗೆ ತೂಗುಹಾಕುತ್ತಾರೆ, ಫೋರ್‌ಮನ್ ಸಾರ್ ಅದನ್ನೇ ಇಲ್ಲಿಗೆ ತಂದಿದ್ದಾರೆ. ಮೊದಲ ದಿನ ಬಂದ ಹುಡುಗನಿಗೂ ಜಾಲರಿ ಎಲ್ಲಿಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಸಂಜೆ ಬೀಗ ಹಾಕುವ ಮುನ್ನ ಹಲಗೆಯತ್ತ ಒಮ್ಮೆ ನೋಡಿದರೆ ಸಾಕು. ಒಂದು ಚಾಕುವಿನ ನೀಲಿ ಖಾಲಿ ಕಂಡರೆ ಅದು ಸಿಗುವ ತನಕ ಸೊಪ್ಪಿನ ಬುಟ್ಟಿ, ಸಿಪ್ಪೆಯ ಡಬ್ಬ ಎಲ್ಲವನ್ನೂ ಜಾಲಾಡಬೇಕು. ಸಿಪ್ಪೆಯೊಳಗೆ ಸೇರಿದ ಚಾಕು ಮರುದಿನ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಹಾಗಾಗದಿರಲೆಂದೇ ಈ ಹುಡುಕಾಟ.

ಭಟ್ಟರು ಅನ್ನ ಬಸಿಯುತ್ತಿದ್ದರು. ದೊಡ್ಡ ಕೊಳದಪ್ಪಲೆಯನ್ನು ಒಬ್ಬರೇ ಎತ್ತುವಂತಿಲ್ಲ, ಇಬ್ಬರು ಬೇಕು. ಎತ್ತುವ ಮುನ್ನ ಒಬ್ಬರು “ದಾರಿ” ಎಂದು ಕೂಗಬೇಕು. ಕೂಗಿದರೆ ಉಳಿದವರೆಲ್ಲ ಗೋಡೆಗೆ ಸರಿಯುತ್ತಾರೆ. ಗಂಜಿ ಹರಿಯಲು ಒಲೆಯ ಪಕ್ಕದಲ್ಲೇ ಕಾಲುವೆ, ಮೇಲೆ ಕಬ್ಬಿಣದ ಜಾಲರಿ. ಗಂಜಿ ನೆಲಕ್ಕೆ ಬಿದ್ದರೆ ಸೋಪಿನ ನೀರಿಗಿಂತ ಹೆಚ್ಚು ಜಾರುತ್ತದೆ. ಒಬ್ಬ ಹುಡುಗಿ ವೈಪರ್ ಹಿಡಿದು ನಿಂತೇ ಇದ್ದಳು, ಅನ್ನ ಬಸಿಯುವಷ್ಟು ಹೊತ್ತು ಅವಳಿಗೆ ಬೇರೆ ಕೆಲಸವಿಲ್ಲ. ಅವಳ ದುಪಟ್ಟಾ ಜಗಲಿಯ ಗೂಟದಲ್ಲಿತ್ತು. ಸೀರೆಯುಟ್ಟವರು ಸೆರಗು ಬಿಗಿದು ಸಿಕ್ಕಿಸಿ, ಮೇಲೆ ದಪ್ಪ ಹತ್ತಿ ಬಟ್ಟೆಯ ಏಪ್ರನ್ ಕಟ್ಟಿಕೊಂಡಿದ್ದರು. ನೈಲಾನ್ ಬಟ್ಟೆ ಹೊತ್ತಿದರೆ ಕರಗಿ ಮೈಗೆ ಅಂಟುತ್ತದೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಕಾಫಿಪುಡಿ, ಶಾಯಿ ಯಾವುದನ್ನೂ ಹಚ್ಚುವಂತಿಲ್ಲ. ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟುಕೊಂಡು ನಿಲ್ಲಬೇಕು. ಅದಕ್ಕೆಂದೇ ಒಂದು ನಲ್ಲಿಯ ಕೆಳಗೆ ಪಾತ್ರೆ ಇಡದೆ ಬಿಟ್ಟಿದ್ದಾರೆ.

ಹಪ್ಪಳ ಕರಿಯುವ ಬಾಂಡಲೆಯ ಪಕ್ಕದಲ್ಲಿ ಅದರದೇ ಅಳತೆಯ ತಗಡಿನ ಮುಚ್ಚಳ ನಿಲ್ಲಿಸಿತ್ತು. ಎಣ್ಣೆ ಹೊತ್ತಿಕೊಂಡರೆ ಮಾಡಬೇಕಾದ್ದು ಎರಡೇ, ಮುಚ್ಚಳ ಮುಚ್ಚುವುದು, ಗ್ಯಾಸ್ ನಿಲ್ಲಿಸುವುದು. ಗಾಬರಿಯಲ್ಲಿ ಎಲ್ಲರ ಕೈ ಹೋಗುವುದು ನೀರಿನ ಚೊಂಬಿಗೆ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ಆವಿಯಾದ ನೀರು ಸುಮಾರು 1,700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಸೂರಿಗೆ ಎರಚುತ್ತದೆ.

ಸೂರು ಎಂದಾಗ ಕುಂಭಕೋಣ ನೆನಪಾಗದೆ ಇರದು. 2004ರ ಜುಲೈ 16ರಂದು ತಮಿಳುನಾಡಿನ ಆ ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟದ ಒಲೆಯಿಂದ ಎದ್ದ ಬೆಂಕಿ ಗರಿಯ ಸೂರಿಗೆ ಹತ್ತಿತು. 94 ಮಕ್ಕಳು ಹೋದರು. ಒಂಬತ್ತು ವರ್ಷದ ನಂತರ, ಅದೇ ತಾರೀಖು 2013ರಲ್ಲಿ, ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯ ಶಾಲೆಯೊಂದರಲ್ಲಿ 23 ಮಕ್ಕಳು ಬಿಸಿಯೂಟ ಉಂಡು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೋನೊಕ್ರೋಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಇಂಥ ಸುದ್ದಿಗಳನ್ನು ನಾವು ಓದಿ ಮಡಿಸಿಡುತ್ತೇವೆ. ಇಲ್ಲಿ ಅದಕ್ಕೊಂದು ಕಟ್ಟುನಿಟ್ಟು ಹುಟ್ಟಿಕೊಂಡಿದೆ. ಹೊರಗಿನಿಂದ ಬಂದ ಖಾಲಿ ಕ್ಯಾನು, ಡಬ್ಬ, ಬಾಟಲಿ ಒಂದೂ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಫಿನಾಯಿಲು, ಬ್ಲೀಚಿಂಗ್ ಪೌಡರು, ಇಲಿ ಪಾಷಾಣ ಇರುವುದು ಅಂಗಳದಾಚೆಯ ಬೀಗ ಹಾಕಿದ ಬೀರುವಿನಲ್ಲಿ, ಬಂದ ಡಬ್ಬದಲ್ಲೇ. ನೀರಿನ ಬಾಟಲಿಗೆ ಫಿನಾಯಿಲು ಸುರಿದಿಟ್ಟವರು ಸಿಕ್ಕಿಬಿದ್ದರೆ ಅಕ್ಕನ ಸಿಟ್ಟು ನೋಡಬೇಕು ಎಂದು ಹುಡುಗರು ಹೇಳಿದರು. ಆ ಸಿಟ್ಟು ನ್ಯಾಯವಾದದ್ದೇ.

ಬಾಗಿಲ ಪಕ್ಕ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪತ್ರವನ್ನು ಚೌಕಟ್ಟು ಹಾಕಿಸಿ ತೂಗಿಸಿದ್ದಾರೆ. ಪುಕ್ಕಟೆ ಊಟಕ್ಕೆ ಇದೆಲ್ಲ ಯಾಕೆ ಎಂದು ಟ್ರಸ್ಟಿಗಳಲ್ಲೇ ವಾದ ನಡೆದಿತ್ತಂತೆ. 2006ರ ಕಾಯ್ದೆ ಸ್ಪಷ್ಟವಾಗಿದೆ, ಲಾಭಕ್ಕಾಗಲಿ ಲಾಭವಿಲ್ಲದೆಯಾಗಲಿ ಆಹಾರ ತಯಾರಿಸಿ ಹಂಚುವವರೆಲ್ಲ ಅದರ ವ್ಯಾಪ್ತಿಗೆ ಬರುತ್ತಾರೆ. ಊಟ ಒಲೆಯಿಂದ ಇಳಿದು ಆಸ್ಪತ್ರೆಯ ಗೇಟು ಮುಟ್ಟುವ ತನಕ 60 ಡಿಗ್ರಿಗಿಂತ ಮೇಲೆಯೇ ಬಿಸಿ ಇರಬೇಕು. ಡ್ರಮ್ಮಿನ ಮುಚ್ಚಳ ತೆಗೆದು ಉದ್ದ ಥರ್ಮಾಮೀಟರು ಅದ್ದಿ ನೋಡಿ ಬರೆದುಕೊಂಡ ನಂತರವೇ ಟೆಂಪೋ ಹೊರಡುತ್ತದೆ. ಉಣ್ಣುವವರು ಮೊದಲೇ ರೋಗಿಯ ಆರೈಕೆಯಲ್ಲಿ ಬಳಲಿದವರು, ಅವರಿಗೆ ವಾಂತಿಭೇದಿ ಅಂಟಿಸಿದರೆ ಯಾವ ಸೇವೆ ಅದು?

ಹಿತ್ತಿಲಿಗೆ ಬಂದೆವು. ಸಂಪಿನ ಬಾಯಿಗೆ ಕಬ್ಬಿಣದ ಮುಚ್ಚಳ, ಅದಕ್ಕೆ ಬೀಗ. ಮುಚ್ಚಳ ತೆರೆದ ಸಂಪಿಗೆ ಮಕ್ಕಳು ಬಿದ್ದ ಸುದ್ದಿ ಬೆಂಗಳೂರಿಗೆ ಹೊಸದಲ್ಲ. ಸಂಪು ತೊಳೆಯಲು ಸ್ವಯಂಸೇವಕರನ್ನು ಇಳಿಸುವುದನ್ನು ಇವರು ಪೂರ್ತಿ ನಿಲ್ಲಿಸಿದ್ದಾರೆ. ಗಾಳಿಯಾಡದ ಗುಂಡಿಯಲ್ಲಿ ಆಮ್ಲಜನಕ ಸಾಲದೆ ಬಿದ್ದವರನ್ನು ಎತ್ತಲು ಹೋದವರೂ ಬೀಳುತ್ತಾರೆ, ಒಳಗೆ ಮೋಟಾರಿನ ಕರೆಂಟಿನ ಭಯ ಬೇರೆ. ಈಗ ಮೋಟಾರಿನ ಎಂಸಿಬಿ ಕೆಳಗಿಳಿಸಿ, ಮೇಲಿನಿಂದಲೇ ಯಂತ್ರದಲ್ಲಿ ತೊಳೆಯುವವರನ್ನು ಕರೆಸುತ್ತಾರೆ.

ಗ್ಯಾಸ್ ಸಿಲಿಂಡರುಗಳು ಮೊದಲು ಈ ಸಂಪಿನ ಪಕ್ಕದಲ್ಲೇ ಇದ್ದವಂತೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಚದುರುವುದಿಲ್ಲ, ನೆಲ ಹಿಡಿದು ಹರಿದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಸಂಪು, ಚರಂಡಿ, ಮೋರಿಯಲ್ಲಿ ತುಂಬಿಕೊಂಡ ಗ್ಯಾಸಿಗೆ ಮೋಟಾರು ಸ್ವಿಚ್ಚಿನ ಒಂದು ಕಿಡಿ ಸಾಕು. ಈಗ ಸಿಲಿಂಡರುಗಳನ್ನು ಎತ್ತರದ ಕಟ್ಟೆಯ ಮೇಲೆ, ಎಲ್ಲ ಕಡೆ ಗಾಳಿಯಾಡುವ ಕಬ್ಬಿಣದ ಜಾಲರಿಯೊಳಗೆ, ನೆಟ್ಟಗೆ ನಿಲ್ಲಿಸಿ ಸರಪಳಿ ಹಾಕಿದ್ದಾರೆ. 19 ಕೆ.ಜಿಯ ಕಮರ್ಷಿಯಲ್ ಸಿಲಿಂಡರು, ಐದಕ್ಕಿಂತ ಹೆಚ್ಚು ಯಾವತ್ತೂ ಇಲ್ಲ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಗ್ಯಾಸಿನ ಮಿತಿ 100 ಕೆ.ಜಿ, ಐದು ಸಿಲಿಂಡರೆಂದರೆ 95. ಫೋರ್‌ಮನ್ ಸಾರ್ ಬಗ್ಗಿ ಒಂದರ ಕತ್ತಿನ ಪಟ್ಟಿಯ ಒಳಬದಿ ತೋರಿಸಿದರು. ಅಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ.

“ಎ ಅಂದ್ರೆ ಮಾರ್ಚ್‌ವರೆಗೆ, ಬಿ ಅಂದ್ರೆ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಂಕಿ ವರ್ಷ. ಆ ತಾರೀಖು ದಾಟಿದ್ದು ಬಂದ್ರೆ ಡೆಲಿವರಿ ಹುಡುಗನ್ನ ನಿಲ್ಸಿ ವಾಪಸ್ ಕೊಡಿ. ಮನೇಲೂ ನೋಡ್ಕೊಳಿ,” ಎಂದರು.

ಬೆಂಕಿ ಆರಿಸುವ ಸಿಲಿಂಡರು ಅಡುಗೆಮನೆಯ ಒಳಗಿಲ್ಲ, ಬಾಗಿಲ ಹೊರಗಿದೆ. ಒಳಗೇ ಇಟ್ಟರೆ ಬೆಂಕಿಯನ್ನು ದಾಟಿ ಹೋಗಿ ತರಬೇಕಾಗುತ್ತದೆ. ಗೇಜಿನ ಮುಳ್ಳು ಹಸಿರಿನಲ್ಲಿರಬೇಕು ಎಂಬುದನ್ನು ಚಿತ್ರ ಬರೆದು ಅಂಟಿಸಿದ್ದಾರೆ. ರೀಫಿಲ್ ಮಾಡಿಸುವ ವರ್ಷ ಬಂದಾಗ ಹಳೆಯದನ್ನು ಹಾಗೇ ಕಳಿಸುವುದಿಲ್ಲ. ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸಪ್ತಾಹದಲ್ಲಿ ಅಂಗಳದ ನಡುವೆ ತಗಡಿನ ತಟ್ಟೆಯಲ್ಲಿ ಬೆಂಕಿ ಹಾಕಿ ಸ್ವಯಂಸೇವಕರಿಂದಲೇ ಆರಿಸುತ್ತಾರೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಹಡಗು ಸಿಡಿದು, ಆರಿಸಲು ಹೋಗಿದ್ದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು, ಅವರ ನೆನಪಿನ ವಾರವದು. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಬೀಸಬೇಕು. ಇಷ್ಟು ದೊಡ್ಡ ಸಿಲಿಂಡರಿನಲ್ಲಿರುವ ಪುಡಿ ಇಪ್ಪತ್ತು ಸೆಕೆಂಡಿನ ಆಸುಪಾಸು ಖಾಲಿಯಾಗುತ್ತದೆ ಎಂದು ಕೈಯಲ್ಲಿ ಹಿಡಿದಾಗಲೇ ಜನಕ್ಕೆ ಗೊತ್ತಾಗುವುದು. ಅಷ್ಟರಲ್ಲಿ ಆರದಿದ್ದರೆ ಹೊರಗೆ ಓಡಬೇಕು. ಸಾಹಸ ತೋರಿಸುವವರನ್ನು ಅಕ್ಕ ಮೆಚ್ಚುವುದಿಲ್ಲ.

ಸ್ವಯಂಸೇವಕರಿಗೆ ಸಂಬಳವಿಲ್ಲದ್ದರಿಂದ ಇಎಸ್‌ಐ ಇಲ್ಲ. ಕೈ ಸುಟ್ಟುಕೊಂಡರೆ ಅವರವರ ಖರ್ಚು. ಹಾಗಾಗಬಾರದೆಂದು ಎಲ್ಲರ ಹೆಸರಿನಲ್ಲೂ ಗುಂಪು ಅಪಘಾತ ವಿಮೆ ಮಾಡಿಸಿದ್ದಾರೆ. ಹೊಸಬರನ್ನು ರಿಜಿಸ್ಟರಿನಿಂದ ವಿಮೆಯ ಪಟ್ಟಿಗೆ ಸೇರಿಸುವ ಕೆಲಸ ಒಬ್ಬ ಬ್ಯಾಂಕ್ ಉದ್ಯೋಗಿಯದು.

ಉಳಿದದ್ದು ಮೇಲಿನ ಹಾಲ್. ಇಲ್ಲಿ ಎಲ್ಲವೂ ಸರಿಯಿಲ್ಲ, ಅವರು ಅದನ್ನು ಮುಚ್ಚಿಡಲೂ ಇಲ್ಲ. ಮೇಲೆ ಹತ್ತಲು ಇರುವುದು ಒಂದೇ ಇಕ್ಕಟ್ಟಾದ ಮೆಟ್ಟಿಲು, ಅದೂ ಅಡುಗೆಮನೆಯ ಗೋಡೆಗೆ ಅಂಟಿಕೊಂಡು. ಕೆಳಗೆ ಬೆಂಕಿ ಬಿದ್ದರೆ ಹೊಗೆ ಏರುವ ದಾರಿಯೂ ಇಳಿಯುವ ದಾರಿಯೂ ಅದೇ. ಮುಂಚೆ ಇಲ್ಲಿ ಸಂಜೆ ಮಕ್ಕಳ ಪಾಠ ನಡೆಯುತ್ತಿತ್ತು, ಅದನ್ನು ಪಡಸಾಲೆಗೆ ಇಳಿಸಿದ್ದಾರೆ. ನಾಮಕರಣ, ಸೀಮಂತಕ್ಕೆ ಬಾಡಿಗೆಗೆ ಕೊಟ್ಟರೆ ತಿಂಗಳ ಗ್ಯಾಸಿನ ಖರ್ಚು ಹುಟ್ಟುತ್ತದೆ ಎಂದು ಟ್ರಸ್ಟಿಗಳಲ್ಲಿ ಕೆಲವರು ಹೇಳುತ್ತಲೇ ಇದ್ದಾರೆ. ಹೊರಗೋಡೆಗೆ ಇನ್ನೊಂದು ಕಬ್ಬಿಣದ ಮೆಟ್ಟಿಲು ಬರುವ ತನಕ ಇಪ್ಪತ್ತಕ್ಕಿಂತ ಹೆಚ್ಚು ಜನ ಮೇಲೆ ಸೇರುವಂತಿಲ್ಲ ಎಂದು ಅಕ್ಕ, ಫೋರ್‌ಮನ್ ಸಾರ್ ಪಟ್ಟು ಹಿಡಿದಿದ್ದಾರೆ. ಬಾಗಿಲನ್ನಂತೂ ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದ್ದಾಗಿದೆ. ನನ್ನ ಮತ ಅವರ ಕಡೆಗೇ. ಬಾಡಿಗೆಯ ಆಸೆಗೆ ಆ ಹಾಲಿನಲ್ಲಿ ಬಸುರಿ ಹೆಂಗಸರನ್ನೂ ಎಳೆಮಕ್ಕಳನ್ನೂ ತುಂಬುವುದು ಬೇಡವೇ ಬೇಡ.

ಮೆಟ್ಟಿಲಿನ ಎಸ್ಟಿಮೇಟು ವೆಲ್ಡಿಂಗ್ ಅಂಗಡಿಯಿಂದ ಬಂದಿದೆ. ದುಡ್ಡು ಹೊಂದಿಲ್ಲ. ಅಕ್ಕಿ ಮೂಟೆಗೆ ದಾನಿಗಳು ಸಿಗುತ್ತಾರೆ, ಮಗನ ಹುಟ್ಟುಹಬ್ಬಕ್ಕೆ, ತಂದೆಯ ತಿಥಿಗೆ ಒಂದು ದಿನದ ಊಟ ಕೊಡಿಸುವವರಿದ್ದಾರೆ. ಮೆಟ್ಟಿಲಿಗೆ, ಆರ್‌ಸಿಸಿಬಿಗೆ, ವಿಮೆಯ ಕಂತಿಗೆ ಕೊಡಿ ಎಂದರೆ ಅದು ಪುಣ್ಯದ ಲೆಕ್ಕಕ್ಕೆ ಬರುವುದಿಲ್ಲ ಎಂಬಂತೆ ಸುಮ್ಮನಾಗುತ್ತಾರೆ. ಈ ವರ್ಷದ ವಾರ್ಷಿಕ ಸಭೆಯಲ್ಲಿ ಅಕ್ಕ ದಾನದ ಪಟ್ಟಿಯನ್ನೇ ಬದಲಾಯಿಸಿ ಮುಂದಿಡಲಿದ್ದಾರೆ. ಒಂದು ದಿನದ ಊಟ, ಒಂದು ವಾರದ ತರಕಾರಿ ಎಂಬ ಸಾಲುಗಳ ಕೆಳಗೆ ಈಗ ‘ಮೆಟ್ಟಿಲಿನ ಒಂದು ಹಂತ’ ಎಂಬ ಸಾಲು ಸೇರಿದೆ, ಎದುರಿಗೆ ಅದರ ರೂಪಾಯಿ ಬರೆದಿದ್ದಾರೆ. ನಾನು ಹೊರಡುವ ಹೊತ್ತಿಗೆ ಆ ಸಾಲಿನಲ್ಲಿ ಮೂರು ಹೆಸರು ಬಿದ್ದಿದ್ದವು. ಒಂದು ಅಡುಗೆ ಭಟ್ಟರದು.